ವೈರಸ್ ನಿಂತಿದೆ, ಸರಿ. ಎಲ್ಲಿ ನಿಂತಿದೆ?

ಡೆಂಗ್ಯೂ ವೈರಸ್‌ಗೆ ಔಷಧಿ ಹುಡುಕುವ ಲ್ಯಾಬ್‌ನಲ್ಲಿ ನನ್ನ ಕೆಲಸ. ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ಪರಿಚಯದವರ ಮನೆಯಲ್ಲೇ ಯಾರಾದರೂ ಡೆಂಗ್ಯೂ ಬಂದು ಮಲಗಿರುತ್ತಾರೆ. "ಇದಕ್ಕೆ ಇನ್ನೂ ಒಂದು ಮಾತ್ರೆ ಇಲ್ವಾ?" ಅಂತ ಕೇಳುತ್ತಾರೆ. ಇಲ್ಲ. ಪ್ಯಾರಾಸಿಟಮಾಲ್, ಜಾಸ್ತಿ ನೀರು, ರಕ್ತಪರೀಕ್ಷೆ, ಇಷ್ಟೇ. ವೈರಸ್ಸನ್ನೇ ತಡೆಯುವ ಮದ್ದು ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಯಾಕಿಷ್ಟು ಕಷ್ಟ ಅನ್ನುವುದು ಲ್ಯಾಬ್‌ನ ಮೇಜಿನ ಮೇಲೇ ಒಂದಷ್ಟು ಕಾಣುತ್ತದೆ. ಹೊಸದಾಗಿ ಸೇರುವ ಎಂಎಸ್ಸಿ, ಪಿಎಚ್‌ಡಿ ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಾಮೂಲಿ ಪರೀಕ್ಷೆ ಪ್ಲಾಕ್ ಅಸ್ಸೇ. ಪ್ಲೇಟ್‌ನ ತಳದಲ್ಲಿ ಕೋಶಗಳನ್ನು ಒಂದೇ ಪದರವಾಗಿ ಬೆಳೆಸಿ, ವೈರಸ್ ಇರುವ ದ್ರವ ಹಾಕುತ್ತೇವೆ. ಅದರ ಮೇಲೆ ಗಂಜಿಯ ಹಾಗೆ ಮಂದವಾದ ಸೆಲ್ಯುಲೋಸ್ ದ್ರವ ಹೊಯ್ದು, ಐದಾರು ದಿನ ಇನ್‌ಕ್ಯುಬೇಟರ್‌ನಲ್ಲಿ ಇಡುತ್ತೇವೆ. ಈ ಮಂದದಲ್ಲಿ ವೈರಸ್ ದೂರ ಹರಡಲಾರದು, ಅಕ್ಕಪಕ್ಕದ ಕೋಶಗಳನ್ನೇ ಕೊಲ್ಲುತ್ತದೆ. ಆಮೇಲೆ ಕ್ರಿಸ್ಟಲ್ ವಯಲೆಟ್ ಹಾಕಿ ತೊಳೆದರೆ ಬದುಕಿರುವ ಕೋಶಗಳೆಲ್ಲ ನೇರಳೆ, ಸತ್ತ ಕಡೆ ಬಿಳಿ ಚುಕ್ಕಿ. ಚುಕ್ಕಿ ಎಣಿಸಿದರೆ ವೈರಸ್ ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಒಂದು ದಿನ ಯಾರೋ ಓಡಿ ಬರುತ್ತಾರೆ. "ಮೇಡಂ, ಒಂದೂ ಚುಕ್ಕಿ ಇಲ್ಲ!" ಆಗ ನಾನು ಕೇಳುವುದು ಒಂದೇ: ಔಷಧಿ ಹಾಕಿದ ಪ್ಲೇಟ್ ಎಲ್ಲಿ?

ಎಣಿಸುವ ಪ್ಲೇಟ್ ಬೇರೆ, ಔಷಧಿ ಹಾಕಿದ ಪ್ಲೇಟ್ ಬೇರೆ. ಮೊದಲ ಪ್ಲೇಟ್‌ನ ಕೋಶಗಳಿಗೆ ವೈರಸ್, ಔಷಧಿ ಎರಡೂ ಕೊಟ್ಟಿರುತ್ತೇವೆ. ಅವು ಹೊರಬಿಟ್ಟ ವೈರಸ್ಸನ್ನು ಮೇಲಿನ ದ್ರವದಿಂದ ತೆಗೆದು ಎರಡನೇ ಪ್ಲೇಟ್‌ನಲ್ಲಿ ಎಣಿಸುತ್ತೇವೆ. ವೈರಸ್ ತನ್ನಷ್ಟಕ್ಕೆ ಹೆಚ್ಚಲಾರದು, ಪ್ರೋಟೀನ್ ತಯಾರಿಗೆ ಅದಕ್ಕೆ ನಮ್ಮ ಕೋಶದ ರೈಬೋಸೋಮ್ ಬೇಕು. ಹಾಗಾಗಿ ಔಷಧಿಯ ವಿಷಕ್ಕೆ ಕೋಶವೇ ನರಳುತ್ತಿದ್ದರೆ ವೈರಸ್ಸೂ ಹುಟ್ಟುವುದಿಲ್ಲ, ಎರಡನೇ ಪ್ಲೇಟ್ ಚೆನ್ನಾಗಿಯೇ ಕಾಣುತ್ತದೆ. ಆಸಿಡ್ ಸುರಿದರೂ ವೈರಸ್ ನಿಲ್ಲುತ್ತದೆ, ಅಲ್ವಾ? ಅದಕ್ಕೇ ವೈರಸ್ ಇಲ್ಲದ ಕೋಶಗಳಿಗೂ ಅಷ್ಟೇ ಔಷಧಿ ಹಾಕಿ, ಎಷ್ಟು ಬದುಕುತ್ತವೆ ಅಂತ ನೋಡಲೇಬೇಕು.

ಕೋಶ ಗಟ್ಟಿಯಾಗಿದೆ, ವೈರಸ್ ಮಾತ್ರ ಕಡಿಮೆಯಾಗಿದೆ ಅಂತಾದರೆ ನಿಜವಾದ ಕೆಲಸ ಶುರು. ವೈರಸ್ ಹಾಕುವ ಮೊದಲು, ಹಾಕಿದ 2 ಗಂಟೆಗೆ, 6 ಗಂಟೆಗೆ, 12 ಗಂಟೆಗೆ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಔಷಧಿ ಕೊಟ್ಟು ನೋಡುತ್ತೇವೆ. ಇದಕ್ಕಾಗಿ ನಡುರಾತ್ರಿ ಹಾಸ್ಟೆಲಿನಿಂದ ಎದ್ದು ಬರುವವರ ಬಗ್ಗೆ ನನಗೆ ತುಂಬಾ ಗೌರವ. 2 ಗಂಟೆ ತಡವಾಗಿ ಹಾಕಿದರೆ ಫಲವೇ ಇಲ್ಲ ಅಂದರೆ, ಆ ಔಷಧಿ ತಡೆಯುತ್ತಿದ್ದದ್ದು ವೈರಸ್ ಒಳಗೆ ಬರುವುದನ್ನು. 6 ಗಂಟೆ ಆದ ಮೇಲೆ ಹಾಕಿದರೂ ತಡೆದರೆ, ವೈರಸ್‌ನ ಆರ್‌ಎನ್‌ಎ (ಅದರ ತಳಿ ಮಾಹಿತಿ ಇರುವ ಎಳೆ) ನಕಲಾಗುವ ಅಥವಾ ಅದರ ನಂತರದ ಹಂತದಲ್ಲಿ ಹುಡುಕಬೇಕು. ಡೆಂಗ್ಯೂ ತಯಾರಿಸುವುದು ಒಂದೇ ಉದ್ದನೆಯ ಪ್ರೋಟೀನ್ ಸರಪಳಿ, ಅದು ಕತ್ತರಿಸಿಕೊಂಡು 10 ಪ್ರೋಟೀನ್ ಆಗುತ್ತದೆ. ಔಷಧಿ ಹಿಡಿದಿರುವುದು ಇವುಗಳಲ್ಲಿ ಯಾವುದನ್ನು, ಅಥವಾ ನಮ್ಮ ಕೋಶದ್ದೇ ಏನನ್ನಾದರೂ ಹಿಡಿದಿದೆಯಾ ಅನ್ನುವುದು ಗೊತ್ತಾಗಲೇಬೇಕು.

ಗೊತ್ತಾಗದಿದ್ದರೆ ಏನಾಗುತ್ತದೆ? ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ನೋಡಿ. ಡೆಂಗ್ಯೂ ವೈರಸ್ ಕೋಶದೊಳಗಿನ ಪುಟ್ಟ ಚೀಲವೊಂದರಲ್ಲಿ ಒಳಬರುತ್ತದೆ. ಚೀಲ ಆಮ್ಲೀಯವಾದಾಗ ಮಾತ್ರ ಅಲ್ಲಿಂದ ಹೊರಬೀಳುತ್ತದೆ. ಕ್ಲೋರೋಕ್ವಿನ್ ಆ ಆಮ್ಲವನ್ನು ತಗ್ಗಿಸುತ್ತದೆ. ಪ್ಲೇಟ್‌ನಲ್ಲಿ ಫಲ ಕಂಡಿತ್ತು. ಆದರೆ ವಿಯೆಟ್ನಾಂನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ರಕ್ತದಲ್ಲಿ ವೈರಸ್ ಇರುವ ಅವಧಿ ಕಡಿಮೆಯಾಗಲಿಲ್ಲ. ಅದು ಪ್ರಕಟವಾದದ್ದು 2010ರಲ್ಲಿ. ಹತ್ತು ವರ್ಷದ ನಂತರ ಕೋವಿಡ್‌ನಲ್ಲಿ ಅದೇ ಮದ್ದಿಗಾಗಿ ಮೆಡಿಕಲ್ ಶಾಪ್ ಮುಂದೆ ಜನ ನಿಂತರು. ಮಂಗದ ಮೂತ್ರಪಿಂಡದಿಂದ ಬಂದ ವೆರೋ ಕೋಶಗಳಲ್ಲಿ ಅದು ಕೊರೋನಾ ವೈರಸ್ಸನ್ನು ತಡೆದಿತ್ತು. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ತಡೆಯಲಿಲ್ಲ. ಆ ಕೋಶಗಳ ಮೈಮೇಲೆ ಟಿಎಂಪಿಆರ್‌ಎಸ್‌ಎಸ್2 ಅನ್ನುವ ಕಿಣ್ವ ಇದೆ. ಅದರ ನೆರವಿದ್ದರೆ ವೈರಸ್‌ಗೆ ಆ ಆಮ್ಲದ ಚೀಲದ ಹಂಗೇ ಇಲ್ಲ, ನೇರ ಒಳಗೆ. ವೆರೋದಲ್ಲಿ ಆ ಕಿಣ್ವ ಸಾಕಷ್ಟಿಲ್ಲ. ವೆರೋ ಕೋಶಗಳು ನನಗೆ ಬಹಳ ಇಷ್ಟ, ಸುಲಭವಾಗಿ ಬೆಳೆಯುತ್ತವೆ. ಆದರೆ ಅವುಗಳ ಮಾತನ್ನಷ್ಟೇ ನಂಬಿ ಔಷಧಿಯನ್ನು ಮುಂದಕ್ಕೆ ಕಳಿಸಬಾರದು.

ಬಾಲಾಪಿರಾವಿರ್ ಕಥೆ ಇನ್ನೂ ಸೂಕ್ಷ್ಮ. ಹೆಪಟೈಟಿಸ್ ಸಿ ಸಲುವಾಗಿ ಹುಟ್ಟಿದ ಮದ್ದು, ಡೆಂಗ್ಯೂವಿನ ಆರ್‌ಎನ್‌ಎ ನಕಲನ್ನೂ ತಡೆಯುತ್ತಿತ್ತು. ಇದೂ ವಿಯೆಟ್ನಾಂನ ರೋಗಿಗಳಲ್ಲಿ ಫಲ ಕೊಡಲಿಲ್ಲ. 2014ರಲ್ಲಿ ಕಾರಣ ಹೊರಬಂತು. ಈ ಔಷಧಿಯನ್ನು ಕೋಶವೇ ಬದಲಾಯಿಸಿ ಚುರುಕಾದ ರೂಪಕ್ಕೆ ತರಬೇಕು. ಡೆಂಗ್ಯೂ ಆಗಲೇ ತಗುಲಿರುವ ಬಿಳಿ ರಕ್ತಕೋಶಗಳಲ್ಲಿ ಈ ಬದಲಾವಣೆ ಸರಿಯಾಗಿ ಆಗುತ್ತಿರಲಿಲ್ಲ. ಮದ್ದು ಮೊದಲು, ವೈರಸ್ ಆಮೇಲೆ ಹಾಕುವ ಪ್ಲೇಟ್‌ನಲ್ಲಿ ಇದು ಕಾಣುವುದೇ ಇಲ್ಲ. ರೋಗಿ ಬರುವುದು ಜ್ವರ ಬಂದ ಮೇಲೆ ತಾನೇ? ಹಾಗಾಗಿ ನಮ್ಮಲ್ಲಿ ಈಗ ಆಸೆ ಹುಟ್ಟಿಸಿದ ಪ್ರತಿಯೊಂದು ಔಷಧಿಗೂ ರಕ್ತದಾನಿಗಳ ಬಿಳಿ ಕೋಶಗಳಲ್ಲಿ ಪರೀಕ್ಷೆ ಇದೆ: ಮೊದಲು ವೈರಸ್, ಮಾರನೇ ದಿನ ಮದ್ದು.