ಬೆಳ್ಳಿ ಕನ್ನಡಿ ಕಪ್ಪಾಗುವುದು ಯಾಕೆ?

12 ಮಾರ್ಚ್ 2024, ಮಂಗಳವಾರ

ಆಲ್ಡಿಹೈಡ್ ಇದೆಯೇ ಎಂದು ನೋಡುವ ಟಾಲೆನ್ಸ್ ಪರೀಕ್ಷೆಯಲ್ಲಿ ಗಾಜಿನ ಒಳಗೋಡೆಗೆ ಬೆಳ್ಳಿ ಕನ್ನಡಿಯಂತೆ ಹಿಡಿಯುತ್ತದೆ. ಅದಕ್ಕೆ ತೆಗೆದುಕೊಂಡ ಬೆಂಜಾಲ್ಡಿಹೈಡ್ (ಒಂದು ಆಲ್ಡಿಹೈಡ್) ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಹರಳು ಕಟ್ಟಿದೆ. ಅದು ಬೆಂಜೋಯಿಕ್ ಆಮ್ಲ. ಆಲ್ಡಿಹೈಡ್‌ನ ಕಾರ್ಬೊನಿಲ್ (ಆಮ್ಲಜನಕಕ್ಕೆ ಎರಡು ಬಂಧದಿಂದ ಸೇರಿದ) ಇಂಗಾಲಕ್ಕೆ ಅಂಟಿಕೊಂಡಿರುವ ಒಂದು ಹೈಡ್ರೋಜನ್ ಇದೆಯಲ್ಲ, ತಕರಾರೆಲ್ಲ ಅದರದೇ. ಗಾಳಿ ತಾಗಿದರೂ ಸಾಕು, ನಿಧಾನವಾಗಿ ಉತ್ಕರ್ಷಣೆಗೊಂಡು ಆಮ್ಲವಾಗುತ್ತದೆ. ಕೀಟೋನ್‌ಗಳಲ್ಲಿ (ಕಾರ್ಬೊನಿಲ್ ಇರುವ ಇನ್ನೊಂದು ಬಗೆಯ ಸಂಯುಕ್ತಗಳು) ಆ ಹೈಡ್ರೋಜನ್ ಇಲ್ಲ, ಆದ್ದರಿಂದ ಈ ಕಾಟವೂ ಇಲ್ಲ.

ಶುದ್ಧ ಮಾಡಲು 10% ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಗುಳ್ಳೆ ನಿಲ್ಲುವ ತನಕ ತೊಳೆಯಬೇಕು. ಕುಲುಕುವಾಗ ಸೆಪರೇಟಿಂಗ್ ಫನಲ್ (ದ್ರವಗಳನ್ನು ಬೇರ್ಪಡಿಸುವ ಆಲಿಕೆ) ಒಳಗೆ ಅನಿಲದ ಒತ್ತಡ ಏರುತ್ತದೆ, ಆಗಾಗ ಬಿಡುತ್ತಿರಿ. ನೀರಿನಲ್ಲಿ ತೊಳೆದು, ನಿರ್ಜಲ ಮೆಗ್ನೀಸಿಯಂ ಸಲ್ಫೇಟ್ ಹಾಕಿ ಒಣಗಿಸಿ, ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸಿ. ಸಾಮಾನ್ಯ ಒತ್ತಡದಲ್ಲಿ ಅದು ಕುದಿಯುವುದು ಸುಮಾರು 179 ಡಿಗ್ರಿಗೆ. ಆ ಬಿಸಿಯಲ್ಲಿ ಗಾಳಿ ಸಿಕ್ಕರೆ ಮತ್ತೆ ಆಮ್ಲವೇ.

ಇನ್ನು ಟಾಲೆನ್ಸ್ ಪರೀಕ್ಷೆ. 0.1 ಮೋಲಾರ್ ಸಿಲ್ವರ್ ನೈಟ್ರೇಟ್ 2 ಮಿ.ಲೀ.ಗೆ 10% ಸೋಡಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದರೆ ಕಂದು ಬಣ್ಣದ ಸಿಲ್ವರ್ ಆಕ್ಸೈಡ್ ಬೀಳುತ್ತದೆ. ಅದು ಕರಗುವಷ್ಟೇ 2% ಅಮೋನಿಯಾವನ್ನು ಹನಿಹನಿಯಾಗಿ ಸೇರಿಸಿ. ಬಹುತೇಕರು ಕೆಡಿಸುವುದು ಇಲ್ಲೇ: ಅಮೋನಿಯಾ ಹೆಚ್ಚಾದರೆ ಪರೀಕ್ಷೆಯ ಸೂಕ್ಷ್ಮತೆ ಕುಗ್ಗುತ್ತದೆ. ಚೂರು ಕಂದು ಉಳಿದರೂ ಅಡ್ಡಿಯಿಲ್ಲ. ಬೆಂಜಾಲ್ಡಿಹೈಡ್ ನೀರಿನಲ್ಲಿ ಸರಿಯಾಗಿ ಕರಗದು. ಎರಡು ಹನಿಯನ್ನು ಸ್ವಲ್ಪ ಎಥನಾಲ್‌ನಲ್ಲಿ ಕರಗಿಸಿ ಹಾಕಿ, ಒಮ್ಮೆ ಕುಲುಕಿ, 60 ಡಿಗ್ರಿಯ ಬಿಸಿನೀರಿನಲ್ಲಿ ಅಲುಗಾಡಿಸದೆ ಇಡಿ.

ಕನ್ನಡಿಯ ಬದಲು ಕಪ್ಪು ಪುಡಿ ಬಂದರೆ ಮೊದಲು ಗಾಜನ್ನು ಅನುಮಾನಿಸಿ. ಜಿಡ್ಡಿದ್ದ ಕಡೆ ಬೆಳ್ಳಿ ಹಿಡಿಯುವುದಿಲ್ಲ. ಬಿಸಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದು, ಕೊನೆಗೆ ಭಟ್ಟಿ ಇಳಿಸಿದ ನೀರನ್ನೇ ಬಳಸಿ. ನಲ್ಲಿ ನೀರಿನ ಕ್ಲೋರೈಡ್ ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ಗೊಂದಲ ಹುಟ್ಟಿಸುತ್ತದೆ. ಕಪ್ಪಾಗಿದ್ದರೂ ಅದು ಬೆಳ್ಳಿಯೇ, ಫಲಿತಾಂಶ ಧನಾತ್ಮಕವೇ. ಚೆಂದ ಇಲ್ಲ ಅಷ್ಟೆ.

ಕನ್ನಡಿ ಬಂತೆಂದು ಆಲ್ಡಿಹೈಡ್ ಎಂದೇ ಬರೆದುಬಿಡಬೇಡಿ. ಫ್ರಕ್ಟೋಸ್ ಕೀಟೋನ್ ಆದರೂ ಕ್ಷಾರದಲ್ಲಿ ಗ್ಲೂಕೋಸ್ ಮತ್ತು ಮ್ಯಾನೋಸ್ ಆಗಿ ಬದಲಾಗಿ ಕನ್ನಡಿ ಕೊಡುತ್ತದೆ. ಬೆಂಜಾಲ್ಡಿಹೈಡ್ ಟಾಲೆನ್ಸ್‌ಗೆ ಒಗ್ಗಿದರೂ ಫೆಹ್ಲಿಂಗ್ ದ್ರಾವಣದಲ್ಲಿ (ಆಲ್ಡಿಹೈಡ್ ಪತ್ತೆಗೆ ಬಳಸುವ ತಾಮ್ರದ ದ್ರಾವಣ) ಕೆಂಪು ತೋರಿಸದು.

ಟಾಲೆನ್ಸ್ ಕಾರಕವನ್ನು ಆಗಲೇ ಮಾಡಿ ಆಗಲೇ ಬಳಸಬೇಕು. ಇಟ್ಟರೆ ಅದರಲ್ಲಿ ಸ್ಫೋಟಕ ಸಿಲ್ವರ್ ನೈಟ್ರೈಡ್ ಹುಟ್ಟಬಹುದು, ಒಣಗಿದರಂತೂ ಮುಟ್ಟಿದರೆ ಸಿಡಿಯುವಂಥದ್ದು. ಉಳಿದದ್ದಕ್ಕೆ ಪರೀಕ್ಷೆ ಮುಗಿದ ಕೂಡಲೇ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯಗೊಳಿಸಿ, ಬೆಳ್ಳಿಯ ತ್ಯಾಜ್ಯದ ಡಬ್ಬಿಗೆ ಸುರಿಯಿರಿ.