ಶಾಂಘೈನ ಕೊಡೆಗಳು, ಚೆಂಗ್ಡುವಿನ ಚಹಾ

ಶಾಂಘೈನ ಪೀಪಲ್ಸ್ ಪಾರ್ಕಿನಲ್ಲಿ ವಾರದ ಕೊನೆಯಲ್ಲಿ ಮದುವೆಯ ಸಂತೆ ನೆರೆಯುತ್ತದೆ. ಕಾಲುದಾರಿಯ ಬದಿಗೆ ಬಿಚ್ಚಿಟ್ಟ ಕೊಡೆಗಳ ಸಾಲು, ಅವುಗಳಿಗೆ ಅಂಟಿಸಿದ ಹಾಳೆಗಳು, ಹಿಂದೆ ಪುಟ್ಟ ಸ್ಟೂಲುಗಳ ಮೇಲೆ ಕುಳಿತ ತಂದೆತಾಯಂದಿರು. ಮದುವೆಯಾಗಬೇಕಾದ ಮಕ್ಕಳು ಮಾತ್ರ ಅಲ್ಲಿ ಕಾಣುವುದೇ ಅಪರೂಪ. ಜೊತೆಗಿದ್ದ ಚೀನೀ ಗೆಳತಿ ಓದಿ ಹೇಳಿದ ಒಂದು ಹಾಳೆಯಲ್ಲಿ ಹುಡುಗಿಯ ಹುಟ್ಟಿದ ವರ್ಷ, ಎತ್ತರ, ಓದು, ಸಂಬಳಗಳ ಜೊತೆಗೆ ಶಾಂಘೈ ಹುಕೋವು ಇದೆ, ಸ್ವಂತ ಫ್ಲ್ಯಾಟ್ ಇದೆ ಎಂದೂ ಬರೆದಿತ್ತು. ನಗುತ್ತಾ ಫೋಟೊ ತೆಗೆಯುವ ಪ್ರವಾಸಿಗರು ಸುತ್ತಲೂ ಇದ್ದರು. ನನಗೆ ನಗು ಬರಲಿಲ್ಲ, ಏಕೆಂದರೆ ಈ ದೇಶದ ನಗರವಾಸಿ ನೆಮ್ಮದಿಯಿಂದಿರಲು ಏನೇನು ಬೇಕೆಂಬುದನ್ನು ಆ ತಾಯಿ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದರು.

ಹುಕೋವು ಎಂದರೆ 1958ರ ಕಾನೂನಿನಿಂದ ನೆಲೆಗೊಂಡ ಕುಟುಂಬ ನೋಂದಣಿ. ಹಳ್ಳಿಯಿಂದ ಬಂದು ವರ್ಷಗಟ್ಟಲೆ ನಗರದಲ್ಲಿ ದುಡಿದವರಿಗೂ ಅಲ್ಲಿನ ಹುಕೋವು ಇಲ್ಲದಿದ್ದರೆ ಮಕ್ಕಳ ಶಾಲೆ, ಆಸ್ಪತ್ರೆಯ ಖರ್ಚು, ಪಿಂಚಣಿ ಎಲ್ಲದರಲ್ಲೂ ತೊಡಕು. ಮನೆಯ ಮಾತು ಬೇರೆ. 1998ರ ಸುಧಾರಣೆಯವರೆಗೆ ಮನೆ ಕೊಡುವುದು ಕೆಲಸದ ಸಂಸ್ಥೆಯ ಹೊಣೆಯಾಗಿತ್ತು, ಅನಂತರ ಕೊಳ್ಳುವವನ ಹೊಣೆಯಾಯಿತು. ಕೇಂದ್ರ ಬ್ಯಾಂಕಿನ 2019ರ ಸಮೀಕ್ಷೆಯಲ್ಲಿ ನಗರದ ಕುಟುಂಬಗಳ ಪೈಕಿ ಶೇ 96ಕ್ಕೆ ಸ್ವಂತ ಮನೆಯಿತ್ತು. ಎಲ್ಲರಿಗೂ ಇರುವಾಗ ತನಗಿಲ್ಲದಿರುವುದು ಎಷ್ಟು ಭಾರವೆಂದು ಆ ಹಾಳೆಗಳ ಮುಂದೆ ನಿಂತರೆ ತಿಳಿಯುತ್ತದೆ.

ಅಲ್ಲಿಂದ ವೇಗದ ರೈಲಿನಲ್ಲಿ ಚೆಂಗ್ಡುವಿಗೆ ಹೋದೆವು. ಚೀನಾದ ಅತಿ ಸುಖದ ನಗರವೆಂದು ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಆಯ್ಕೆಯಾದ ಊರು ಅದು. ಅಲ್ಲಿನ ಪೀಪಲ್ಸ್ ಪಾರ್ಕಿನಲ್ಲಿ 1923ರಲ್ಲಿ ಆರಂಭವಾದ ಹೆಮಿಂಗ್ ಚಹಾಗೃಹವಿದೆ. ಬಿದಿರಿನ ಕುರ್ಚಿ, ತಟ್ಟೆ, ಬಟ್ಟಲು, ಮುಚ್ಚಳ ಸೇರಿದ ಚಹಾದ ಪಾತ್ರೆ, ಮಲ್ಲಿಗೆಯ ಪರಿಮಳದ ಎಲೆಗಳನ್ನು ಮುಚ್ಚಳದ ಅಂಚಿನಿಂದ ಸರಿಸಿ ಗುಟುಕರಿಸಬೇಕು. ಎಲೆ ಒಂದೇ, ಬಿಸಿನೀರನ್ನು ಮಾತ್ರ ಮತ್ತೆ ಮತ್ತೆ ಹುಯ್ಯುತ್ತಾರೆ. ಕಿವಿ ಶುಚಿಗೊಳಿಸುವವರು ಲೋಹದ ಚಿಮಟವನ್ನು ಝೇಂಕರಿಸುತ್ತಾ ಮೇಜುಗಳ ನಡುವೆ ತಿರುಗುತ್ತಾರೆ. ಪಕ್ಕದ ಮೇಜಿನಲ್ಲಿದ್ದ ಹಿರಿಯರು ತಾವಾಗಿಯೇ ಮಾತಿಗೆ ಬಂದರು. ಊರಿನ ಪೂರ್ವಭಾಗದ ಸರ್ಕಾರಿ ಕಾರ್ಖಾನೆಯಲ್ಲಿ ಅವರು ಫಿಟ್ಟರ್ ಆಗಿದ್ದರು. ಮನೆ, ವೈದ್ಯರು, ಮಗನ ಶಿಶುವಿಹಾರ ಎಲ್ಲವೂ ಕಾರ್ಖಾನೆಯದೇ. ತೊಂಬತ್ತರ ದಶಕದ ಕೊನೆಗೆ ಕೋಟ್ಯಂತರ ಜನರೊಡನೆ ಅವರೂ ಕೆಲಸ ಕಳೆದುಕೊಂಡರು.

“ಆಗ ಊರಲ್ಲಿ ಅಂಗಡಿಗಳು ತುಂಬಿದ್ದವು, ಟಿವಿಗಳು ಬಂದಿದ್ದವು. ನನ್ನ ಕಣ್ಣಿಗೆ ಯಾವುದೂ ಕಾಣುತ್ತಿರಲಿಲ್ಲ” ಎಂದರು.

ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. 1990ರಿಂದ 2010ರೊಳಗೆ ಚೀನಾದ ತಲಾ ಬಳಕೆ ಸುಮಾರು ನಾಲ್ಕು ಪಟ್ಟಾದರೂ ಜನರ ಜೀವನತೃಪ್ತಿ ಮೊದಲ ದಶಕದಲ್ಲಿ ಕುಸಿಯಿತು, 2000-2005ರ ನಡುವೆ ತಳ ಮುಟ್ಟಿತು, ಆಮೇಲೆ ಮೆಲ್ಲಗೆ ಏರಿತಷ್ಟೆ. ನಿರುದ್ಯೋಗ, ಸಾಮಾಜಿಕ ಭದ್ರತೆಯ ನಾಶ, ಹಿಗ್ಗಿದ ಆದಾಯದ ಅಂತರ ಇದಕ್ಕೆ ಕಾರಣವೆಂದು ಅವರು ಗುರುತಿಸಿದರು. ಪೆಟ್ಟು ಹೆಚ್ಚಾಗಿ ಬಿದ್ದದ್ದು ಕಡಿಮೆ ಆದಾಯದವರಿಗೆ. ಕೈಗೆ ಬರುವ ಹಣಕ್ಕಿಂತ ಕೈತಪ್ಪದೆಂಬ ಭರವಸೆಯೇ ದೊಡ್ಡದೆಂದು ನಾನು ನಂಬುತ್ತೇನೆ, ಆ ಹಿರಿಯರನ್ನು ಕಂಡ ಮೇಲಂತೂ ಇನ್ನಷ್ಟು. ಈಗ ಅವರಿಗೆ ಪಿಂಚಣಿ ತಿಂಗಳು ತಿಂಗಳು ತಪ್ಪದೆ ಬರುತ್ತದೆ, ಹಳೆಯ ಕ್ವಾರ್ಟರ್ಸ್ ಅವರ ಹೆಸರಿಗಿದೆ, ಜೊತೆಗೆ ಈ ಚಹಾದ ಮೇಜಿನ ಗೆಳೆಯರಿದ್ದಾರೆ.

ಮಗ ಬೀಜಿಂಗ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ, ವಾರಕ್ಕೆ ಆರು ದಿನ ದುಡಿಸುವ ಪದ್ಧತಿ ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲೇ ಸ್ಪಷ್ಟಪಡಿಸಿದ್ದರೂ ಅವನು ಮನೆ ಸೇರುವಾಗ ಮಗಳು ಮಲಗಿರುತ್ತಾಳಂತೆ. ಸಂಬಳ ಚೆನ್ನಾಗಿದೆ, ಆದರೆ ಬೀಜಿಂಗ್ ಹುಕೋವು ಸಿಕ್ಕಿಲ್ಲ. ಹಾಗಾಗಿ ಮೊಮ್ಮಗಳು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ಚೆಂಗ್ಡು ಇರುವ ಸಿಚುವಾನ್ ಪ್ರಾಂತ್ಯದಲ್ಲೇ ಬರೆಯಬೇಕು. ಅವಳು ಹೈಸ್ಕೂಲು ಸೇರುವುದರೊಳಗೆ ಇಡೀ ಸಂಸಾರ ಚೆಂಗ್ಡುವಿಗೆ ಮರಳುವುದೆಂದು ತೀರ್ಮಾನವಾಗಿದೆ. ಸಂಬಳ ಕಡಿಮೆಯಾದರೂ ಸರಿ ಎಂದು ಸೊಸೆಯೇ ಮೊದಲು ಹೇಳಿದಳಂತೆ.