ಯೆಜ್ಡಿಯ ಗೇರ್‌ಬಾಕ್ಸು ಮತ್ತು ಕಾಣೆಯಾದ ಎಣ್ಣೆ

ನಮ್ಮ ದೊಡ್ಡಪ್ಪನವರ ಯೆಜ್ಡಿ 250, ಎಂಬತ್ತರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಮೋಟರ್ ಸೈಕಲ್. ಅದನ್ನು ಅವರು ನನಗೆ ಒಪ್ಪಿಸಿದ ಮೇಲೆ, ಒಂದು ಮಳೆಗಾಲದ ಕೊನೆಯಲ್ಲಿ ಚಾಮುಂಡಿ ಬೆಟ್ಟದ ಏರಿನಲ್ಲಿ ಎರಡನೆಯ ಗೇರಿಗೆ ಬಂದಾಗ, ಪಾದದ ಕೆಳಗಿನಿಂದ ಒರಟಾದ ಗೊರಗೊರ ಸದ್ದು ಕೇಳಿಸಿತು. ಕೆಲವೇ ವಾರಗಳಲ್ಲಿ ಅದು ಸಣ್ಣ ಏರುಗಳಲ್ಲಿಯೂ ಕೇಳಿಸತೊಡಗಿತು. ಮೊದಲು ತೋರಿಸಿದ ಗ್ಯಾರೇಜಿನವರು ಗಾಡಿಯನ್ನು ಓಡಿಸಿಯೂ ನೋಡದೆ, ಗೇರ್ ಸೆಟ್ ಪೂರ್ತಿ ಹೋಗಿದೆ, ಎಲ್ಲವನ್ನೂ ಬದಲಾಯಿಸಬೇಕು ಎಂದರು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದೆ. ಅಸಲಿ ಗೇರುಗಳು ಸಿಗುವುದೇ ಅಪರೂಪ, ಸಿಕ್ಕಿದರೂ ನಮ್ಮ ಗಾಡಿಯದಕ್ಕಿಂತ ಚೆನ್ನಾಗಿರುತ್ತವೆ ಎಂಬ ಭರವಸೆಯಿಲ್ಲ. ಕೆಟ್ಟಿರುವುದು ಯಾವುದು ಎಂದು ಗೊತ್ತಾಗದೆ ಒಂದು ಹಲ್ಲನ್ನೂ ಬದಲಾಯಿಸಬಾರದು ಎಂದು ಅಂದೇ ನಿಶ್ಚಯಿಸಿಕೊಂಡೆ.

ಮಂಡಿ ಮೊಹಲ್ಲಾದಲ್ಲಿ ಜಾವಾ ಗಾಡಿಗಳ ಮೇಲೆಯೇ ಕೆಲಸ ಕಲಿತ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ. ಅವರು ಗಾಡಿಯನ್ನು ನೋಡಿದವರೇ ಸ್ಪ್ಯಾನರ್ ಕೈಗೆತ್ತಿಕೊಳ್ಳಲಿಲ್ಲ. "ಬಿಚ್ಚೋದು ಕೊನೇ ಕೆಲ್ಸ ಸ್ವಾಮಿ. ಯಾವ ಗೇರಲ್ಲಿ ಸದ್ದು ಬರುತ್ತೆ, ಯಾವುದರಲ್ಲಿ ಬರಲ್ಲ, ಕ್ಲಚ್ ಹಿಡಿದ್ರೆ ಏನಾಗುತ್ತೆ, ಎಲ್ಲಾ ಬರ್ಕೊಂಡು ಬನ್ನಿ" ಎಂದರು. ಕಿವಿಯಿಂದ ಮಾಡಬಹುದಾದ ಪರೀಕ್ಷೆಯನ್ನು ಮುಗಿಸುವ ಮೊದಲೇ ಎಂಜಿನ್ ಬಿಚ್ಚಿದರೆ, ಸದ್ದು ಹೇಳಬೇಕಾದ ಸಂಗತಿಯೆಲ್ಲ ಅಲ್ಲಿಗೇ ಮುಗಿದುಹೋಗುತ್ತದೆ. ಬಿಡಿಭಾಗಗಳನ್ನು ಮೇಜಿನ ಮೇಲೆ ಹರಡಿಕೊಂಡ ಮೇಲೆ ಎಲ್ಲವೂ ಸ್ವಲ್ಪ ಸವೆದಂತೆಯೇ ಕಾಣುತ್ತವೆ. ಆದುದರಿಂದ ಅವರ ಮಾತು ನನಗೆ ಪೂರ್ತಿ ಸರಿ ಎನಿಸಿತು.

ಬರೆದುಕೊಂಡ ಸಂಗತಿಗಳು ಹೀಗಿದ್ದವು. ಗಾಡಿ ನಿಂತಿದ್ದು ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಗೇರ್‌ಬಾಕ್ಸಿನಿಂದ ಸದ್ದಿಲ್ಲ. ಕ್ಲಚ್ ಹಿಡಿದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಒಂದು, ಎರಡು, ಮೂರನೆಯ ಗೇರುಗಳಲ್ಲಿ ಆಕ್ಸಿಲರೇಟರ್ ತಿರುವಿದಾಗ ಗೊರಗುಡುತ್ತದೆ, ಅದರಲ್ಲಿಯೂ ಎರಡನೆಯದರಲ್ಲಿ ಹೆಚ್ಚು. ಆಕ್ಸಿಲರೇಟರ್ ಬಿಟ್ಟೊಡನೆ ಸದ್ದಿನ ದನಿ ಬದಲಾಗಿ ತಗ್ಗುತ್ತದೆ. ರಿಂಗ್ ರಸ್ತೆಯ ಸಮತಟ್ಟಿನಲ್ಲಿ ನಾಲ್ಕನೆಯ ಗೇರಿಗೆ ಹಾಕಿದರೆ ಸದ್ದು ಬಹುತೇಕ ಮಾಯವಾಗುತ್ತದೆ. ಅದೇ ವೇಗದಲ್ಲಿ ಮೂರಕ್ಕೆ ಇಳಿಸಿದರೆ ಮತ್ತೆ ಹಾಜರ್.

ಈ ಕೊನೆಯ ಸಂಗತಿಯೇ ಇಡೀ ರೋಗನಿದಾನದ ಕೀಲಿಕೈ ಆಯಿತು. ಯೆಜ್ಡಿಯಲ್ಲಿ ಕ್ಲಚ್ಚೂ ಹಿಂದಿನ ಚಕ್ರಕ್ಕೆ ಚೈನ್ ಎಳೆಯುವ ಸ್ಪ್ರಾಕೆಟ್ಟೂ ಎಡಬದಿಯಲ್ಲಿಯೇ ಇವೆ. ಕ್ಲಚ್ಚಿನಿಂದ ಶಕ್ತಿಯನ್ನು ಪಡೆಯುವ ಮುಖ್ಯ ದಂಡ, ಅಂದರೆ ಮೇನ್‌ಶಾಫ್ಟು, ಸ್ಪ್ರಾಕೆಟ್ ಕೂರಿಸಿದ ಟೊಳ್ಳು ಸ್ಲೀವ್ ಗೇರಿನೊಳಗಿಂದ ಹಾದುಹೋಗುತ್ತದೆ. ಮೊದಲ ಮೂರು ಗೇರುಗಳಲ್ಲಿ ಶಕ್ತಿ ಮೇನ್‌ಶಾಫ್ಟಿನಿಂದ ಎರಡನೆಯ ದಂಡವಾದ ಲೇಶಾಫ್ಟಿಗೆ ಇಳಿದು, ಅಲ್ಲಿಂದ ಮತ್ತೆ ಸ್ಲೀವ್ ಗೇರಿಗೆ ಬಂದು, ಆಮೇಲೆ ಚೈನನ್ನು ತಲುಪುತ್ತದೆ. ನಾಲ್ಕನೆಯ ಗೇರಿನಲ್ಲಿ ಮಾತ್ರ ಮೇನ್‌ಶಾಫ್ಟು ಸ್ಲೀವ್ ಗೇರನ್ನು ನೇರವಾಗಿ ಕಚ್ಚಿಕೊಳ್ಳುವುದರಿಂದ ಲೇಶಾಫ್ಟ್ ಯಾವ ಭಾರವನ್ನೂ ಹೊರದೆ ಸುಮ್ಮನೆ ಸುತ್ತುತ್ತಿರುತ್ತದೆ. ಮೇನ್‌ಶಾಫ್ಟಿನ ಬೇರಿಂಗ್ ಕೆಟ್ಟಿದ್ದರೆ ನ್ಯೂಟ್ರಲ್‌ನಲ್ಲಿಯೂ ಸದ್ದು ಬಂದು, ಕ್ಲಚ್ ಹಿಡಿದಾಗ ಅಡಗಬೇಕಿತ್ತು. ಸ್ಪ್ರಾಕೆಟ್ ಬದಿಯ ಬೇರಿಂಗ್ ಕೆಟ್ಟಿದ್ದರೆ ನಾಲ್ಕರಲ್ಲಿಯೂ ಕೇಳಬೇಕಿತ್ತು. ಒಂದೇ ಜೋಡಿ ಗೇರಿನ ಹಲ್ಲು ಹೋಗಿದ್ದರೆ ಆ ಗೇರಿನಲ್ಲಿ ಮಾತ್ರ ಕೇಳಬೇಕಿತ್ತು. ಮೊದಲ ಮೂರು ಗೇರುಗಳಲ್ಲಿಯೂ ಕೇಳಿ ನಾಲ್ಕರಲ್ಲಿ ಕೇಳದಿದ್ದುದರಿಂದ ಬೆರಳು ಲೇಶಾಫ್ಟಿನ ಕಡೆಗೇ ತೋರಿಸುತ್ತಿತ್ತು. ಹಾಗೆಂದು ಉಳಿದ ಅನುಮಾನಗಳನ್ನು ಬಿಡುವಂತಿರಲಿಲ್ಲ. ಚೈನಿನ ಮುಚ್ಚಳ ತೆಗೆದು, ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಚಕ್ರವನ್ನು ಕೈಯಿಂದ ತಿರುವಿ, ಚೈನು ಎಲ್ಲಿಯೂ ಬಿಗಿದುಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿಗೆ ಈ ಗಾಡಿಯಲ್ಲಿ ಬಿಗಿ ಹೊಂದಿಸುವ ಟೆನ್ಷನರ್ ಇಲ್ಲ, ಸಡಿಲವಾದರೆ ಬದಲಾಯಿಸಬೇಕಷ್ಟೆ. ಅದು ಸಡಿಲವಾಗಿದ್ದರೆ ಐಡ್ಲಿಂಗ್‌ನಲ್ಲಿ ಕಟಕಟ ಎನ್ನುತ್ತಿತ್ತು.

ಇನ್ನು ಎಣ್ಣೆಯ ವಿಷಯ. ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ಪಾಠವಿದ್ದುದು ಅಲ್ಲಿಯೇ. ಗೇರ್‌ಬಾಕ್ಸಿಗೆ ಹಾಕಬೇಕಾದ ಎಣ್ಣೆ ಸುಮಾರು ಒಂದು ಲೀಟರ್. ಎಂಜಿನ್ ಬೆಚ್ಚಗಿರುವಾಗ ಕೆಳಗಿನ ಡ್ರೈನ್ ನಟ್ ಬಿಚ್ಚಿ, ಗುರುತು ಹಾಕಿದ ಬಾಟಲಿಗೆ ಹಿಡಿದಾಗ ಅದರ ಅರ್ಧದಷ್ಟೂ ಬರಲಿಲ್ಲ. ಬಂದದ್ದನ್ನು ಮೇಸ್ತ್ರಿ ಬಿಳಿಯ ತಟ್ಟೆಗೆ ಸುರಿದು ಬಿಸಿಲಿಗೆ ವಾಲಿಸಿದರು. ಕಪ್ಪು ಎಣ್ಣೆ ಹರಿದುಹೋದ ಜಾಗದಲ್ಲಿ ಚಿನ್ನದ ಬಣ್ಣದ ಸಣ್ಣ ಸಣ್ಣ ಹೊಳಪಿನ ಚೂರುಗಳು ತಟ್ಟೆಗೆ ಅಂಟಿ ಉಳಿದವು. ಅಯಸ್ಕಾಂತ ತಾಗಿಸಿದರೆ ಬೂದು ಬಣ್ಣದ ತೆಳು ಕೆಸರು ಮಾತ್ರ ಅದಕ್ಕೆ ಹತ್ತಿಕೊಂಡಿತು. ಹೊಳಪಿನ ಚೂರುಗಳು ಅಲುಗಾಡಲಿಲ್ಲ. ಅಂದರೆ ಅವು ಉಕ್ಕಿನವಲ್ಲ, ಲೇಶಾಫ್ಟಿನ ತುದಿ ಕೂತು ತಿರುಗುವ ಬಳೆಯಂಥ ಬುಷ್ಷಿನ ಕಂಚಿನ ಪುಡಿ. ಬೂದು ಕೆಸರು ಹಳೆಯ ಗೇರ್‌ಬಾಕ್ಸಿನಲ್ಲಿ ಇರುವುದೇ. ಅಯಸ್ಕಾಂತಕ್ಕೆ ಹಲ್ಲಿನ ಚೂರೇನಾದರೂ ಅಂಟಿದ್ದರೆ ಭಯಪಡಬೇಕಿತ್ತು. ಅಂಥದ್ದು ಒಂದೂ ಇರಲಿಲ್ಲ. ಕಿವಿ ಹೇಳಿದ್ದನ್ನೇ ಎಣ್ಣೆಯೂ ಹೇಳಿತು.

"ಬುಷ್ ಸವೆದಿದೆ ಅನ್ನೋದು ಸರಿ. ಎಣ್ಣೆ ಎಲ್ಲಿಗೆ ಹೋಯ್ತು?" ಎಂದು ಮೇಸ್ತ್ರಿ ಕೇಳಿದರು. ಗಾಡಿ ನಿಲ್ಲಿಸುವ ಜಾಗದ ನೆಲದಲ್ಲಿ ಎಣ್ಣೆಯ ಕಲೆಯಿರಲಿಲ್ಲ. ಕೇಸಿನ ಹೊರಮೈಯೂ ಒಣಗಿಯೇ ಇತ್ತು. ಅವರು ಬಾಟಲಿಯ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ನನಗೂ ಮೂಸಲು ಹೇಳಿದರು. ಪೆಟ್ರೋಲಿನ ವಾಸನೆ ಸ್ಪಷ್ಟವಾಗಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಕಪ್ಪಗೆ, ಎಣ್ಣೆಯಿಂದ ಒದ್ದೆಯಾಗಿತ್ತು. ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ-ಟಿ ಎಣ್ಣೆಯನ್ನು ಅಳೆದೇ ಬೆರೆಸುತ್ತಿದ್ದರೂ ಗಾಡಿ ಅದಕ್ಕೆ ಮೀರಿದ ಹೊಗೆಯನ್ನು ಉಗುಳುತ್ತಿತ್ತು. ಟೂ-ಸ್ಟ್ರೋಕ್ ಗಾಡಿಯೆಂದ ಮೇಲೆ ಹೊಗೆ ಇದ್ದದ್ದೇ ಎಂದು ಮನೆಯವರೆಲ್ಲ ಅದಕ್ಕೆ ಒಗ್ಗಿಹೋಗಿದ್ದರು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ ನಿರ್ವಾತದ ಸೆಳೆತ ಉಂಟಾಗಿ, ಕಾರ್ಬ್ಯುರೇಟರಿನಿಂದ ಮಿಶ್ರಣ ಒಳಕ್ಕೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೊಳಗಾಗಿ ಸಿಲಿಂಡರಿಗೆ ನುಗ್ಗುತ್ತದೆ. ಕ್ರ್ಯಾಂಕ್ ಕೇಸಿಗೂ ಪ್ರೈಮರಿ ಚೈನಿನ ಕೋಣೆಗೂ ನಡುವೆ ಇರುವುದು ಎಡಬದಿಯಲ್ಲಿ ಕ್ರ್ಯಾಂಕ್ ಶಾಫ್ಟನ್ನು ಸುತ್ತಿ ಹಿಡಿದ ರಬ್ಬರಿನ ಆಯಿಲ್ ಸೀಲ್ ಒಂದೇ. ಕ್ಲಚ್ಚೂ ಗೇರ್‌ಬಾಕ್ಸೂ ಹಂಚಿಕೊಳ್ಳುವ ಎಣ್ಣೆ ಇರುವುದೂ ಆ ಕೋಣೆಯಲ್ಲಿಯೇ. ವರ್ಷಗಳ ಬಿಸಿಗೆ ಸೀಲಿನ ರಬ್ಬರ್ ಗಡುಸಾಗಿ ಅದರ ತುಟಿ ಶಾಫ್ಟಿನ ಮೇಲಿನ ಹಿಡಿತವನ್ನು ಕಳೆದುಕೊಂಡರೆ, ಪಿಸ್ಟನ್ ಏರುವಾಗಲೆಲ್ಲ ಗೇರ್‌ಬಾಕ್ಸಿನ ಎಣ್ಣೆ ಚೂರುಚೂರಾಗಿ ಎಂಜಿನ್ನಿಗೆ ಸೆಳೆದುಕೊಂಡು ಹೋಗಿ ಹೊಗೆಯಾಗುತ್ತದೆ. ಪಿಸ್ಟನ್ ಇಳಿಯುವಾಗ ಪೆಟ್ರೋಲಿನ ಮಿಶ್ರಣ ಅದೇ ದಾರಿಯಲ್ಲಿ ಈಚೆಗೆ ಬಂದು ಉಳಿದ ಎಣ್ಣೆಯನ್ನು ತೆಳುವಾಗಿಸುತ್ತದೆ. ಹೀಗಾದಾಗ ಮೊದಲು ಪೆಟ್ಟು ಬೀಳುವುದು ಬುಷ್ಷುಗಳಿಗೆ. ಗುಂಡುಗಳ ಬೇರಿಂಗ್ ತೆಳುವಾದ ಎಣ್ಣೆಯಲ್ಲಿಯೂ ಹೇಗೋ ನಿಭಾಯಿಸಿಕೊಳ್ಳುತ್ತದೆ. ಬುಷ್ ಮತ್ತು ಶಾಫ್ಟಿನ ನಡುವೆ ಎಣ್ಣೆಯ ಪದರವೊಂದನ್ನು ಬಿಟ್ಟರೆ ಬೇರೇನೂ ಇಲ್ಲ, ಅದು ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಗೇರ್ ಸೆಟ್ ಪೂರ್ತಿ ಬದಲಾಯಿಸಿ ಸೀಲನ್ನು ಹಾಗೆಯೇ ಬಿಟ್ಟಿದ್ದರೆ, ಹೊಸ ಗೇರುಗಳೂ ಅದೇ ಪೆಟ್ರೋಲು ಬೆರೆತ ಎಣ್ಣೆಯಲ್ಲಿ ಸವೆಯುತ್ತಿದ್ದವು. ಮೊದಲ ಗ್ಯಾರೇಜಿನವರ ಸಲಹೆಯನ್ನು ನೆನೆದಾಗ ನನಗೆ ಈಗಲೂ ಸಿಟ್ಟು ಬರುವುದು ಇದಕ್ಕಾಗಿ.

ಯೆಜ್ಡಿಯ ಗೇರ್‌ಬಾಕ್ಸನ್ನು ತಲುಪಬೇಕಾದರೆ ಎಂಜಿನ್ ಇಳಿಸಿ, ಕೇಸನ್ನು ಎರಡು ಹೋಳಾಗಿ ಬಿಡಿಸಬೇಕು. ಕ್ರ್ಯಾಂಕ್ ಕೂಡ ಹೊರಕ್ಕೆ ಬರುತ್ತದೆ. ಸಿಲಿಂಡರ್ ಬಿಚ್ಚುವುದು, ಕ್ಲಚ್ ಪ್ಲೇಟುಗಳನ್ನು ಕ್ರಮವಾಗಿ ತಂತಿಗೆ ಪೋಣಿಸಿಡುವುದು, ಪುಲ್ಲರ್ ಹಾಕಿ ಎಂಜಿನ್ ಸ್ಪ್ರಾಕೆಟ್ ಎಳೆಯುವುದು, ಇವೆಲ್ಲ ತಾಳ್ಮೆ ಕೇಳುವ ಕೆಲಸಗಳೇ ಹೊರತು ವಿವರಿಸುವಂಥವಲ್ಲ. ಕೇಸು ಬಿಡಿಸಿಕೊಂಡಾಗ ನೋಡಿದ್ದನ್ನು ಮಾತ್ರ ಹೇಳಬೇಕು. ಲೇಶಾಫ್ಟಿನ ತುದಿಯನ್ನು ಬೆರಳುಗಳಲ್ಲಿ ಹಿಡಿದು ಅಡ್ಡಕ್ಕೆ ಅಲುಗಿಸಿದರೆ ಬುಷ್ಷಿನೊಳಗೆ ಟಕ್ ಟಕ್ ಎಂದು ಕುಣಿಯುತ್ತಿತ್ತು. ಶಾಫ್ಟನ್ನು ತೆಗೆದು ಬುಷ್ಷಿನೊಳಕ್ಕೆ ಟಾರ್ಚ್ ಬಿಟ್ಟಾಗ ಅದರ ಕಂಡಿ ದುಂಡಗೆ ಉಳಿದಿರಲಿಲ್ಲ. ಗೇರಿನ ಹಲ್ಲುಗಳು ಪರಸ್ಪರ ದೂಡುವ ದಿಕ್ಕಿನಲ್ಲಿ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಭಾರ ಬಿದ್ದಾಗಲೆಲ್ಲ ಶಾಫ್ಟು ಆ ಕಡೆಗೆ ಸರಿದು, ಹಲ್ಲುಗಳು ಕಚ್ಚಬೇಕಾದ ಆಳಕ್ಕೆ ಕಚ್ಚದೆ ತುದಿಗಳಲ್ಲಿ ಉಜ್ಜಿಕೊಂಡು ಗೊರಗುಡುತ್ತಿದ್ದವು. ಶಾಫ್ಟಿನ ಮೈ ಮಾತ್ರ ನುಣುಪಾಗಿತ್ತು. ಸವೆಯುವುದು ಬುಷ್ಷಿನ ಕರ್ತವ್ಯ, ಶಾಫ್ಟಿನದಲ್ಲ. ಹಳೆಯ ವಿನ್ಯಾಸದಲ್ಲಿ ನನಗೆ ಬಹಳ ಮೆಚ್ಚಿಗೆಯಾಗುವ ಅಂಶವಿದು. ಎಡಬದಿಯ ಸೀಲನ್ನು ಬೆರಳಲ್ಲಿ ಮಡಿಸಲು ಹೋದರೆ ಅದು ಒಣಗಿದ ಕೊಬ್ಬರಿ ಚೂರಿನಂತೆ ಮುರಿಯಿತು.

ಹೊಸ ಬುಷ್ಷುಗಳನ್ನು ಮೇಸ್ತ್ರಿಯ ಪರಿಚಯದ ಟರ್ನರ್ ಒಬ್ಬರು ಗನ್‌ಮೆಟಲ್ ಎಂಬ ಕಂಚಿನ ರಾಡಿನಿಂದ ಲೇತ್‌ನಲ್ಲಿ ಕಡೆದುಕೊಟ್ಟರು. ಬುಷ್ಷನ್ನು ಕೇಸಿಗೆ ಬಿಗಿಯಾಗಿ ಒತ್ತಿ ಕೂರಿಸಿದಾಗ ಅದರ ಒಳಕಂಡಿ ತುಸು ಕುಗ್ಗುವುದರಿಂದ, ಮೊದಲೇ ಶಾಫ್ಟಿನ ಅಳತೆಗೆ ಕಡೆಯದೆ, ಕೂರಿಸಿದ ಮೇಲೆ, ಕಂಡಿಯನ್ನು ಒಳಗಿನಿಂದ ಹೆರೆಯುವ ರೀಮರ್ ಬಿಟ್ಟು ಅಂತಿಮ ಅಳತೆಗೆ ತರಬೇಕು. ಎಣ್ಣೆ ಹಚ್ಚಿದ ಶಾಫ್ಟು ಕೈಯಿಂದ ತಿರುವಿದರೆ ಹಗುರವಾಗಿ ತಿರುಗಬೇಕು, ಅಡ್ಡಕ್ಕೆ ಅಲುಗಿಸಿದರೆ ಅಲುಗಬಾರದು. ಅಷ್ಟು ಬರುವ ತನಕ ಅವರು ರೀಮರನ್ನು ಮತ್ತೆ ಮತ್ತೆ ಹಗುರವಾಗಿ ಆಡಿಸಿದರು. ಅವಸರಪಡಿಸಬೇಕೆಂದು ನನಗೂ ಅನಿಸಲಿಲ್ಲ. ಕೇಸು ಬಿಚ್ಚಿದ್ದಾಗಲೇ ಬೇರಿಂಗುಗಳನ್ನೂ ಬದಲಾಯಿಸಿದೆವು. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದು ಅಲ್ಯೂಮಿನಿಯಂ ಕೇಸಿಗೂ ಬೇರಿಂಗಿಗೂ ಮಾಡುವ ಅನ್ಯಾಯ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹನಿ ನೀರು ಚಿಮುಕಿಸಿದರೆ ಚುರ್ ಎನ್ನುವಷ್ಟು ಕೇಸನ್ನು ಕಾಯಿಸಿದ ಮೇಲೆ, ಬೇರಿಂಗ್ ತನ್ನ ಮನೆಯೊಳಕ್ಕೆ ತಾನಾಗಿಯೇ ಇಳಿದು ಕೂತಿತು. ಕ್ರ್ಯಾಂಕಿನ ಎರಡೂ ಬದಿಗೆ ಹೊಸ ಸೀಲ್ ಹಾಕುವಾಗ, ಅದರ ತುಟಿ ಶಾಫ್ಟಿನ ಚೂಪಾದ ಅಂಚಿಗೆ ತಾಗಿ ಹರಿಯದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಎಣ್ಣೆ ಸವರಿ ಜಾರಿಸಿದೆವು. ಬಲಬದಿಯದು ಇನ್ನೂ ಸ್ವಲ್ಪ ಮೃದುವಾಗಿತ್ತು. ಆದರೂ, ಅದು ಸೋತರೆ ಗಾಳಿ ಎಳೆದುಕೊಂಡು ಮಿಶ್ರಣ ಕೆಡುತ್ತದೆ, ಅದೊಂದಕ್ಕಾಗಿ ಮತ್ತೆ ಇಷ್ಟೆಲ್ಲ ಬಿಚ್ಚುವುದು ಬೇಡವೆಂದು ಬದಲಾಯಿಸಿದೆವು.

ಗಾಡಿ ಮತ್ತೆ ಬೆಟ್ಟ ಹತ್ತಿದಾಗ ಎರಡನೆಯ ಗೇರಿನಲ್ಲಿ ಕೇಳಿದ್ದು ಎಂಜಿನ್ನಿನ ದನಿಯೊಂದೇ. ಹಿಂದೆ ತಿರುಗಿ ನೋಡಿದರೆ ಹೊಗೆಯೂ ತೆಳುವಾಗಿತ್ತು. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ, ಹೊಸ ಬುಷ್ಷಿನ ಮೊದಲ ಪುಡಿ ಹೊರಹೋಗಲಿ ಎಂದು ಎಣ್ಣೆಯನ್ನು ಇಳಿಸಿ ಅದೇ ಬಾಟಲಿಯಲ್ಲಿ ಅಳೆದಾಗ, ಹಾಕಿದ್ದು ಬಹುತೇಕ ಪೂರ್ತಿಯಾಗಿ ಸಿಕ್ಕಿತು. ಪೆಟ್ರೋಲಿನ ವಾಸನೆ ಇರಲಿಲ್ಲ. ಮೂರನೆಯ ಗೇರಿನಲ್ಲಿ ಮಾತ್ರ ಸಣ್ಣದೊಂದು ಕುಂಯ್ ಎನ್ನುವ ದನಿ ಉಳಿದಿದೆ. ಶಾಫ್ಟು ಓರೆಯಾಗಿ ಓಡಿದ ದಿನಗಳಲ್ಲಿ ಆ ಜೋಡಿಯ ಹಲ್ಲುಗಳ ಮೈ ಸ್ವಲ್ಪ ಗುಳಿಬಿದ್ದಿರುವುದನ್ನು ಕೇಸು ಬಿಚ್ಚಿದಾಗಲೇ ನೋಡಿದ್ದೆವು. ಒಂದು ಗೇರನ್ನು ಮಾತ್ರ ಬದಲಾಯಿಸಿದರೆ ಹಳೆಯದರೊಂದಿಗೆ ಹೊಂದದೆ ಎರಡೂ ಬೇಗ ಹಾಳಾಗುತ್ತವೆ. ಒಟ್ಟಿಗೆ ಓಡಿದ, ಚೆನ್ನಾಗಿರುವ ಜೋಡಿಯೇ ಬೇಕು. ಅಂಥದ್ದು ಸಿಕ್ಕಿದರೆ ತೆಗೆದಿಡಿ ಎಂದು ಮೇಸ್ತ್ರಿಗೆ ಹೇಳಿಟ್ಟಿದ್ದೇನೆ. ಅಲ್ಲಿಯವರೆಗೆ, ಎಣ್ಣೆ ಬದಲಿಸುವಾಗಲೆಲ್ಲ ಅಳತೆಯನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.